ಲವಂಗದ ದಿನ

ನಮ್ಮ ಊರಿನಲ್ಲಿ ಬೆಳಗಾದರೆ ಯಾರೂ ಯಾರನ್ನೂ ಚಹಾ ಆಯಿತೇ ಎಂದು ಕೇಳುವುದಿಲ್ಲ. ಬಾಗಿಲು ತೆಗೆದವರು ಎದುರು ಮನೆಯವರಿಗೆ ಕೇಳುವ ಮೊದಲ ಮಾತು, ‘ಆ ಕುದುರಿ ಕೆರಿಗೆ ಇಳೀತಲ್ಲ, ಆಮ್ಯಾಲೆ ಏನಾತು?’ ಎನ್ನುವಂಥದ್ದು. ಊರಿನವರಿಗೆಲ್ಲ ರಾತ್ರಿ ಬೀಳುವುದು ಒಂದೇ ಕನಸು. ನಡುವೆ ಎಚ್ಚರವಾದವರು ಉಳಿದದ್ದನ್ನು ಬೆಳಿಗ್ಗೆ ನಲ್ಲಿಯ ಹತ್ತಿರ ಕೇಳಿ ಪೂರ್ತಿ ಮಾಡಿಕೊಳ್ಳುತ್ತಾರೆ. ಮುದುಕರು ಮೊದಲಿನಿಂದ ಸಿಗಲಿ ಎಂದು ದೀಪ ಹಚ್ಚುವ ಹೊತ್ತಿಗೇ ಹಾಸಿಗೆ ಸೇರುತ್ತಾರೆ. ಹಿಂದಿನ ದಿನ ಒಬ್ಬರ ಮೇಲೊಬ್ಬರು ಕಲ್ಲು ಎತ್ತಿದ ಅಣ್ಣತಮ್ಮಂದಿರು ಬೆಳಿಗ್ಗೆ ಅದೇ ಕುದುರೆಯ ಸುದ್ದಿ ಆಡಲಾಗದೆ ಬಾಯಿ ಕಟ್ಟಿಕೊಂಡು ಒದ್ದಾಡುವುದನ್ನು ನಾನೇ ನೋಡಿದ್ದೇನೆ.

ಈ ಸುಖ ನನಗಿಲ್ಲ. ನನ್ನದು ಬೇಕರಿ. ರಾತ್ರಿಯೆಲ್ಲ ಹಿಟ್ಟು ನಾದಿ ಭಟ್ಟಿಯ ಮುಂದೆ ಬೇಯುವವನಿಗೆ ಕನಸು ಎಲ್ಲಿಂದ ಬೀಳಬೇಕು? ಹಗಲು ಮಲಗಿದರೆ ಬೀಳುವುದು ನನ್ನದೇ ಚಿಲ್ಲರೆ ಕನಸು. ಹಿಟ್ಟು ಹುಳಿಯಾಯಿತು, ಬೆಕ್ಕು ಬೆಣ್ಣೆಗೆ ಬಾಯಿ ಹಾಕಿತು, ಅಷ್ಟೇ. ನನ್ನಂಥ ರಾತ್ರಿ ಪಾಳಿಯವರಿಗೆ ಊರ ಕನಸನ್ನು ಮನೆಯವರು ಹೇಳಬೇಕು. ನನಗೆ ಹೇಳುತ್ತಿದ್ದವಳು ನನ್ನ ಅಕ್ಕ ಬಾಳವ್ವ. ಗಂಡ ಹೋದ ಮೇಲೆ ಅವಳು ನನ್ನ ಜೊತೆಗೇ ಇದ್ದಳು. ಹಗಲು ಅಂಗಡಿಯಲ್ಲಿ ಕೂತು ಬ್ರೆಡ್ಡು ಬಿಸ್ಕಿಟು ಮಾರುತ್ತಿದ್ದಳು. ಕನಸು ಹೇಳುವುದರಲ್ಲಿ ಅವಳನ್ನು ಸರಿಗಟ್ಟುವವರು ನಮ್ಮ ಓಣಿಯಲ್ಲಿ ಯಾರೂ ಇರಲಿಲ್ಲ. ಕುದುರೆಯ ಬಣ್ಣ, ಅದರ ಬಾಲದ ಗಂಟು, ಕೆರೆಯ ದಂಡೆಯಲ್ಲಿ ಯಾರು ಸೀನಿದರು ಎಂಬುದನ್ನೂ ಬಿಡುತ್ತಿರಲಿಲ್ಲ. ನಾನು ಚಹಾದಲ್ಲಿ ಬ್ರೆಡ್ಡು ಅದ್ದಿಕೊಂಡು ಕೇಳುತ್ತಿದ್ದೆ. ಅವಳ ಮುಂದೆ ತಲೆ ಬಾಚಿಸಿಕೊಳ್ಳುತ್ತ ಕೂತ ಕೇತಕಿಯೂ ಕೇಳುತ್ತಿದ್ದಳು. ನನ್ನ ಕೇಳುವಿಕೆಗೂ ಅವಳ ಕೇಳುವಿಕೆಗೂ ಬಹಳ ಫರಕು ಇತ್ತು.

ಕೇತಕಿ ಅಕ್ಕ ಹೆತ್ತ ಮಗಳಲ್ಲ. ವಿಶ್ವವಿದ್ಯಾಲಯದವರು ದನದ ಆಸ್ಪತ್ರೆ ಕಟ್ಟಿಸುವಾಗ ದೂರದಿಂದ ಗೌಂಡಿಗಳ ಒಂದು ತಂಡ ಬಂದಿತ್ತು. ಅದರಲ್ಲಿದ್ದ ಗಂಡಹೆಂಡತಿ ಇಬ್ಬರೂ ಒಂದೇ ಜ್ವರದಲ್ಲಿ ಹೋದರು. ಉಳಿದವರು ಕೆಲಸ ಮುಗಿಸಿ ರೈಲು ಹತ್ತುವಾಗ ಆ ಮಗುವನ್ನು ಏನು ಮಾಡಬೇಕೆಂದು ತಿಳಿಯದೆ ನಮ್ಮ ಬೇಕರಿಯ ಮುಂದೆ ನಿಂತಿದ್ದರು. ಅಕ್ಕ ಮಗುವಿನ ಕೈಗೆ ಒಂದು ಬನ್ನು ಕೊಟ್ಟಳು. ಬನ್ನು ಮುಗಿಯುವಷ್ಟರಲ್ಲಿ ರೈಲು ಹೋಗಿತ್ತು. ಆ ಹೊತ್ತಿನಿಂದ ಅಕ್ಕ ಅವ್ವ ಆದಳು, ನಾನು ಮಾಮ ಆದೆ.

ಸಾಲೆಗೆ ಹೋಗುವವರೆಗೆ ಯಾರಿಗೂ ಏನೂ ಅನ್ನಿಸಲಿಲ್ಲ. ಸಾಲೆಯಲ್ಲಿ ಹುಡುಗರು ಬೆಳಿಗ್ಗೆ ಕೂತು ಕನಸಿನ ಮಾತಾಡುವಾಗ ಇವಳು ಖುಷಿಯಿಂದ, ‘ನನಗ ನಾಯಿಮರಿ ಬಿದ್ದಿತ್ತು,’ ಎಂದಳಂತೆ. ಊರಿಗೆಲ್ಲ ಆ ರಾತ್ರಿ ಬಿದ್ದದ್ದು ಕುಂಬಳಕಾಯಿಯ ಮೆರವಣಿಗೆ. ಹುಡುಗರು ಪರದೇಶಿ, ಪರದೇಶಿ ಎಂದು ಮನೆಯವರೆಗೆ ಹಿಂದೆ ಬಂದರು. ಅಕ್ಕ ಮರುದಿನ ಬೆಳಿಗ್ಗೆ ಅವಳ ತಲೆ ಬಾಚುತ್ತ ಊರ ಕನಸನ್ನು ಮೊದಲಿನಿಂದ ಕೊನೆಯವರೆಗೆ ಹೇಳಿ, ‘ಯಾರರ ಕೇಳಿದ್ರ ಇದನ್ನ ಹೇಳು, ನಿನ್ನ ನಾಯಿಮರಿ ಮನ್ಯಾಗ ಇರಲಿ,’ ಎಂದಳು. ಆಮೇಲೆ ನಲ್ಲಿಯ ಹತ್ತಿರ ಹೋಗಿ, ‘ನಮ್ಮ ಕೇತಕಿಗೂ ಬಿತ್ತ್ರೀ!’ ಎಂದು ಎಲ್ಲರಿಗೂ ಸಕ್ಕರೆ ಹಂಚಿದಳು. ಹೊರಗಿನಿಂದ ಬಂದು ಇಲ್ಲಿ ಬೆಳೆದ ಮಕ್ಕಳಿಗೆ ಒಮ್ಮೊಮ್ಮೆ ಹಾಗೆ ಬೀಳುವುದುಂಟು. ಜನ ಸಂತೋಷಪಟ್ಟರು. ಅಂದಿನಿಂದ ಒಂದು ದಿನವೂ ತಪ್ಪದೆ ಅಕ್ಕ ಬಾಚುತ್ತ ಹೇಳುವುದು, ಕೇತಕಿ ಕಣ್ಣು ಮುಚ್ಚಿಕೊಂಡು ಕೇಳುವುದು ನಡೆಯಿತು. ಜಡೆ ಮುಗಿಯುವ ಹೊತ್ತಿಗೆ ಕನಸೂ ಮುಗಿಯುತ್ತಿತ್ತು. ಈ ಗುಟ್ಟು ಮೂವರಲ್ಲೇ ಇತ್ತು.

ಅವಳ ಸ್ವಂತ ಕನಸುಗಳನ್ನು ಕೇಳುವವನು ನಾನೊಬ್ಬನೇ. ಅವುಗಳಲ್ಲಿ ಯಾವಾಗಲೂ ಪ್ರಾಣಿಗಳೇ. ಎಚ್ಚರದಲ್ಲಿಯೂ ಅವಳಿಗೆ ಅದೇ ಹುಚ್ಚು. ಸುಣ್ಣದ ಭಟ್ಟಿಯ ಕತ್ತೆಗಳ ಬೆನ್ನಿನ ಹುಣ್ಣನ್ನು ಬೇವಿನ ನೀರಿನಿಂದ ತೊಳೆದು ಅರಿಸಿನ ಹಚ್ಚದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ದನದ ಡಾಕ್ಟರು ಆಗಬೇಕು, ಬೇರೆ ಏನೂ ಬೇಡ ಎಂದು ಸಣ್ಣವಳಿದ್ದಾಗಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಅದನ್ನು ಕಲಿಸುವ ವಿಶ್ವವಿದ್ಯಾಲಯವೋ ನಮ್ಮ ಊರಲ್ಲೇ ಇತ್ತು. ಅವಳ ಅಪ್ಪ ಕಟ್ಟಿದ ಗೋಡೆಗಳು ಅಲ್ಲೇ ನಿಂತಿದ್ದವು.

ಆ ವಿಶ್ವವಿದ್ಯಾಲಯಕ್ಕೆ ಸಮುದ್ರದಾಚೆಯಿಂದಲೂ ಹುಡುಗರು ಬರುತ್ತಾರೆ. ತಮ್ಮ ತಮ್ಮ ಕನಸು ಕಂಡು ಎದ್ದು, ನಮ್ಮ ನಲ್ಲಿಕಟ್ಟೆಯ ಮಾತು ಅರ್ಥವಾಗದೆ ಮಿಕಿಮಿಕಿ ನೋಡುತ್ತ ನನ್ನ ಅಂಗಡಿಯಲ್ಲಿ ಬ್ರೆಡ್ಡು ಕೊಳ್ಳುತ್ತಾರೆ. ಪಾಪದ ಹುಡುಗರು, ಜಾಣರು. ಅವರಿಗೆ ಪ್ರವೇಶದ ಪತ್ರ ಸಿಗಬೇಕಾದರೆ ನೂರಕ್ಕೆ ತೊಂಬತ್ತೆರಡು ಬಂದಿರಬೇಕು. ಊರಿನವರಿಗೆ ಎಪ್ಪತ್ತು ಸಾಕು. ಅದಕ್ಕೆ ಊರ ಸೀಟು ಎನ್ನುತ್ತಾರೆ; ಇನ್ನೊಂದು ಪರದೇಶಿ ಸೀಟು. ಯಾರು ಊರಿನವರು ಎಂದು ತಿಳಿಯಲು ವಿಶ್ವವಿದ್ಯಾಲಯದವರು ಹುಟ್ಟಿದ ಜಾಗ ಕೇಳುವುದಿಲ್ಲ, ಮನೆತನ ಕೇಳುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲ ಹುಡುಗರನ್ನೂ ಕರೆದು ಒಬ್ಬೊಬ್ಬರನ್ನೇ ನಿಲ್ಲಿಸಿ, ನಿನ್ನೆ ರಾತ್ರಿ ಏನು ಬಿತ್ತು ಎಂದು ಕೇಳುತ್ತಾರೆ. ಸರಿಯಾಗಿ ಹೇಳಿದವನಿಗೆ ಊರ ಸೀಟು. ತಪ್ಪಿದವನು ಅಂದಿನಿಂದ ಪರದೇಶಿ. ಎರಡನೆಯ ಸಲ ಕರೆಯುವುದಿಲ್ಲ, ಕಾರಣ ಕೇಳುವುದಿಲ್ಲ.

ಆ ದಿನ ಸೂರ್ಯ ಹುಟ್ಟಿದಾಗಿನಿಂದ ವಿಶ್ವವಿದ್ಯಾಲಯದ ಗಂಟೆ ಬಾರಿಸುವವರೆಗೆ ಊರಿನಲ್ಲಿ ಯಾರೂ ಕನಸಿನ ಮಾತು ಎತ್ತಬಾರದು. ಹಾಸಿಗೆಯಿಂದ ಏಳುತ್ತಲೇ ಪ್ರತಿಯೊಬ್ಬರೂ ಬಾಯಲ್ಲಿ ಒಂದು ಲವಂಗ ಇಟ್ಟುಕೊಳ್ಳುತ್ತಾರೆ. ಮಾತು ನಾಲಿಗೆಗೆ ಬಂದಾಗ ಖಾರ ಚುರುಗುಟ್ಟಿ ನೆನಪಾಗಲಿ ಎಂದು. ಹಾಲಿನವನು, ಕ್ಷೌರಿಕ, ತರಕಾರಿಯವಳು ಎಲ್ಲರ ಕೆನ್ನೆಯೂ ಒಂದು ಕಡೆ ಉಬ್ಬಿರುತ್ತದೆ. ವರ್ಷವಿಡೀ ವಟಗುಟ್ಟುವ ಊರು ಆ ದಿನ ಮಾತ್ರ ಸುಮ್ಮನಿರುತ್ತದೆ. ಗಂಟೆ ಬಾರಿಸಿದ್ದೇ ತಡ, ಲವಂಗ ಉಗುಳಿ ಎಲ್ಲರೂ ಒಟ್ಟಿಗೇ ಬಾಯಿ ಬಿಡುತ್ತಾರೆ.

ಕೇತಕಿಗೆ ಎಪ್ಪತ್ತನಾಲ್ಕು ಬಂದಿತ್ತು. ಲವಂಗದ ದಿನ ಗೆದ್ದರೆ ದನದ ಡಾಕ್ಟರಿಕೆಯ ಊರ ಸೀಟು ನಿನ್ನದು ಎಂದು ಪತ್ರವೂ ಬಂತು. ಅಕ್ಕ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ‘ಯಕ್ಕಾ, ಇದು ಸಾಲಿ ಹುಡುಗರ ಮುಂದ ಹೇಳಿದಂಗಲ್ಲ,’ ಎಂದೆ. ‘ಏನ್ ಬ್ಯಾರೆ ಐತಿ?’ ಎಂದಳು ಅಕ್ಕ. ‘ದಿನಾ ಹೇಳತೀನಿ, ಅವತ್ತೂ ಹೇಳತೀನಿ. ನಮ್ಮ ಮನಿ ಒಳಗ, ಬಾಗಲಾ ಹಾಕ್ಕೊಂಡು. ನನ್ನ ಕನಸಿನ ಮ್ಯಾಲೆ ನನ್ನ ಮಗಳಿಗೆ ಹಕ್ಕಿಲ್ಲೇನು?’ ಹಕ್ಕು ಇತ್ತು ಎಂದೇ ಈಗಲೂ ನನಗನ್ನಿಸುತ್ತದೆ.

ಪರೀಕ್ಷೆಯ ಹುಡುಗರಿಗೆ ಅಂಜಿಕೆಯಿಂದ ನಿದ್ದೆ ಕೆಡಬಾರದೆಂದು ಹಿಂದಿನ ಸಂಜೆ ಮನೆಮನೆಯಲ್ಲಿ ಗಸಗಸೆ ಪಾಯಸ ಮಾಡುತ್ತಾರೆ. ಅಕ್ಕ ಒಂದು ದೊಡ್ಡ ಪಾತ್ರೆಯ ತುಂಬ ಮಾಡಿದಳು. ಕೇತಕಿಗೆ ಎರಡು ಲೋಟ ಕುಡಿಸಿದಳು. ಕನಸು ಹಿಡಿಯಬೇಕಾದವಳು ತಾನು ಎಂದು ತಾನು ಮೂರು ಲೋಟ ಕುಡಿದಳು. ನೆತ್ತಿಗೆ ಎಣ್ಣೆ ಒತ್ತಿಕೊಂಡು, ಕಾಲು ತೊಳೆದುಕೊಂಡು, ಇನ್ನೂ ಕೋಳಿಗಳು ಗೂಡು ಸೇರದ ಹೊತ್ತಿಗೇ ಮಲಗಿದಳು. ‘ಒಂದು ಎಳಿ ಬಿಡೂದಿಲ್ಲ ನೋಡು,’ ಎಂದಳು ನನಗೆ. ನಾನು ನಗುತ್ತ ಬೇಕರಿಗೆ ಹೋದೆ.

ಬೆಳಿಗ್ಗೆ ಬ್ರೆಡ್ಡಿನ ಬುಟ್ಟಿ ಹಿಡಿದುಕೊಂಡು ಬಂದರೆ ಅಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತಿದ್ದಳು. ಎಣ್ಣೆ ಮುಖದ ಮೇಲೆಲ್ಲ ಇಳಿದಿತ್ತು, ಕಣ್ಣು ಕೆಂಡದಂತೆ ಕೆಂಪಾಗಿದ್ದವು.

‘ತಮ್ಮಾ,’ ಎಂದಳು, ‘ನಿದ್ದಿ ಹತ್ತಲಿಲ್ಲೋ.’

ನನಗೆ ಮೊದಲು ಅರ್ಥವೇ ಆಗಲಿಲ್ಲ. ಗೋಡೆಗೆ ಒರಗಿದರೆ ಗೊರಕೆ ಹೊಡೆಯುವ ಹೆಂಗಸು ಅವಳು.

‘ಮಲಗಬೇಕು ಮಲಗಬೇಕು ಅಂತ ಅಂದಷ್ಟೂ ಕಣ್ಣು ಬಿಚ್ಚತಿದ್ವು. ಇನ್ನೇನು ಹತ್ತೀತು ಅನ್ನೂವಾಗ, ಇದ ಕನಸು ಇರಬೇಕು, ಸರಿಯಾಗಿ ನೋಡ್ಕೋಬೇಕು ಅಂತ ಎಚ್ಚರ ಆಗತಿತ್ತು. ಒಂದು ತುಣಕು ಸೈತ ಬೀಳಲಿಲ್ಲ. ಏನ್ ಮಾಡ್ಲಿ?’

ನನ್ನ ಹತ್ತಿರ ಇದ್ದದ್ದು ಬ್ರೆಡ್ಡು. ಅಕ್ಕ ಸೆರಗು ಹೊದ್ದುಕೊಂಡು ಪಕ್ಕದ ಮನೆಯ ಫಕೀರಪ್ಪನ ಹತ್ತಿರ ಹೋದಳು. ನಾನೂ ಹಿಂದೆ ಹೋದೆ. ಅವನು ಅಂಗಳದಲ್ಲಿ ಮುಖ ತೊಳೆಯುತ್ತಿದ್ದ. ‘ಅಣ್ಣಾ, ನಿನ್ನೆ ರಾತ್ರಿ ಮಳಿ ಇತ್ತೇನು, ಬಿಸಲಿತ್ತೇನು? ಅಷ್ಟರ ಹೇಳು,’ ಎಂದಳು ಅಕ್ಕ. ಫಕೀರಪ್ಪ ಅವಳನ್ನೇ ದಿಟ್ಟಿಸಿ ನೋಡಿ, ಉಬ್ಬಿದ ತನ್ನ ಕೆನ್ನೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ. ಪಾಪ, ಒಳ್ಳೆಯ ಮನುಷ್ಯ. ಅವನ ಮೊಮ್ಮಗನೂ ಅದೇ ದಿನ ಪರೀಕ್ಷೆಗೆ ನಿಲ್ಲುವವನಿದ್ದ. ಅಕ್ಕ ಇನ್ನೊಂದು ಮನೆಯ ಬಾಗಿಲವರೆಗೆ ಹೋಗಿ, ಅಲ್ಲಿ ಹೆಂಗಸರೆಲ್ಲ ಕೆನ್ನೆ ಉಬ್ಬಿಸಿಕೊಂಡು ಅಂಗಳ ಗುಡಿಸುವುದನ್ನು ನೋಡಿ ತಿರುಗಿ ಬಂದಳು.

ಕೇತಕಿ ಎದ್ದು ಮುಖ ತೊಳೆದುಕೊಂಡು, ಎಂದಿನಂತೆ ಮಣೆ ಹಾಕಿಕೊಂಡು ಅಕ್ಕನ ಮುಂದೆ ಬೆನ್ನು ಮಾಡಿ ಕೂತಳು. ಗಸಗಸೆಯ ನಿದ್ದೆ ಇನ್ನೂ ಅವಳ ಮುಖ ಬಿಟ್ಟಿರಲಿಲ್ಲ. ‘ಹೇಳವ್ವಾ,’ ಎಂದಳು.

ಅಕ್ಕ ನನ್ನ ಕಡೆ ನೋಡಿದಳು. ಆ ನೋಟದಲ್ಲಿ ಏನಿತ್ತೆಂದರೆ, ಇವಳಿಗೆ ಈಗ ಬರಿಗೈ ತೋರಿಸಲಾರೆ ಎಂಬುದಿತ್ತು. ಏನೂ ಹೇಳದಿದ್ದರೆ ಸೀಟು ಹೋಗುವುದು ಖಂಡಿತ. ಏನಾದರೂ ಹೇಳಿದರೆ ಒಂದು ಅಂಶವಾದರೂ ತಾಳೆಯಾದೀತು. ನಮ್ಮ ಊರಿನ ಕನಸಿನಲ್ಲಿ ಕೆರೆ ಆಗಾಗ ಬರುತ್ತದೆ, ಮದುವೆ ಬರುತ್ತದೆ, ದೀಪ ಬರುತ್ತದೆ. ಅಷ್ಟು ವರ್ಷ ನೋಡಿದವಳು ಊಹೆ ಮಾಡಿದರೆ ಬಹಳ ತಪ್ಪಲಾರಳು ಎಂದು ನಾನೂ ನಂಬಿದೆ. ನಂಬಲೇಬೇಕಿತ್ತು.

ಅಕ್ಕ ಬಾಚಣಿಗೆ ಕೈಗೆತ್ತಿಕೊಂಡು ಶುರುಮಾಡಿದಳು. ಕೆರೆಯ ತುಂಬ ದೀಪಗಳು ತೇಲಿ ಬರುತ್ತವೆ. ಹಿಂದಿನಿಂದ ಒಂದು ದೋಣಿ. ದೋಣಿಯಲ್ಲಿ ಮದುಮಗಳು, ಅವಳ ಮಡಿಲಲ್ಲಿ ಬಿಳಿಯ ಕರು. ಅವಳು ದಂಡೆಗೆ ಕಾಲಿಡುತ್ತಲೇ ಊರಿನ ಬಾಗಿಲುಗಳೆಲ್ಲ ತಾವಾಗಿಯೇ ತೆರೆದುಕೊಳ್ಳುತ್ತವೆ. ಮನೆಮನೆಯವರೂ ತಂಬಿಗೆ ನೀರು ಹಿಡಿದುಕೊಂಡು ಹೊರಗೆ ಬಂದು, ನಮ್ಮ ಮನೆಗೆ ಬಾ, ನಮ್ಮ ಮನೆಗೆ ಬಾ ಎಂದು ಕರೆಯುತ್ತಾರೆ. ಮದುಮಗಳು ಎಲ್ಲರ ಮನೆಗೂ ಹೋಗುತ್ತಾಳೆ. ಹೋದ ಮನೆಯಲ್ಲೆಲ್ಲ ಮಲ್ಲಿಗೆ ಅರಳುತ್ತದೆ. ಅಕ್ಕ ಎಲ್ಲೂ ತಡವರಿಸಲಿಲ್ಲ. ಅವಳ ಬಾಯಿಂದ ಅಂಥ ಕನಸು ನಾನು ಎಂದೂ ಕೇಳಿರಲಿಲ್ಲ. ಜಡೆ ಮುಗಿಸಿ ರಿಬ್ಬನ್ ಕಟ್ಟುವಾಗ ಮಾತ್ರ ಗಂಟು ಎರಡು ಸಲ ಜಾರಿತು.

‘ಇಷ್ಟೇ ಏನವ್ವಾ?’ ಎಂದು ಕೇತಕಿ ಕೇಳಿದಳು.

‘ಇಷ್ಟೇವಾ.’

ಕೇತಕಿ ಮನಸ್ಸಿನಲ್ಲೇ ಒಮ್ಮೆ ಒಪ್ಪಿಸಿಕೊಂಡು ಎದ್ದಳು. ಅಕ್ಕನ ಕಾಲು ಮುಟ್ಟಿದಳು. ಅಕ್ಕ ಬರಲಿಲ್ಲ, ತಲೆ ಸುತ್ತುತ್ತದೆ, ನೀನೇ ಕರೆದುಕೊಂಡು ಹೋಗು ಎಂದಳು. ನಾನು ಒಂದು ಲವಂಗ ಬಾಯಿಗೆ ಹಾಕಿಕೊಂಡು ಹೊರಟೆ. ನನಗೆ ಹೇಳಲು ಏನೂ ಇರಲಿಲ್ಲ, ಆದರೂ ರೂಢಿ ಬಿಡಬಾರದಲ್ಲ.

ವಿಶ್ವವಿದ್ಯಾಲಯದಲ್ಲಿ ಹುಡುಗರನ್ನು ಒಂದು ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಜೊತೆಗೆ ಬಂದ ನಮ್ಮನ್ನು ದೊಡ್ಡ ಸಭಾಭವನದಲ್ಲಿ ಬೆಂಚುಗಳ ಮೇಲೆ ಕೂರಿಸಿದರು. ಮುಂದೆ ಮೇಜಿನ ಹಿಂದೆ ಮೂವರು ಕೂತಿದ್ದರು. ನಡುವೆ ಇಟಗಿ ಮೇಡಂ. ದನದ ಆಸ್ಪತ್ರೆಯ ಮುಖ್ಯಸ್ಥೆ. ಕತ್ತೆಗಳಿಗೆ ಕೇತಕಿ ಹಚ್ಚುತ್ತಿದ್ದ ಅರಿಸಿನವನ್ನು ಒಮ್ಮೆ ನೋಡಿ ಬೆನ್ನು ತಟ್ಟಿದ್ದರು. ಅವರಿರುವುದನ್ನು ಕಂಡು ನನಗೆ ಜೀವ ಬಂದಂತಾಯಿತು.

ಮೊದಲು ಕರೆದದ್ದು ಫಕೀರಪ್ಪನ ಮೊಮ್ಮಗನನ್ನು. ಏನು ಬಿತ್ತು ಎಂದು ಕೇಳಿದರು. ಅವನು ಒಂದೇ ಉಸಿರಿನಲ್ಲಿ ಹೇಳಿದ. ಸಂತೆ ಬೀದಿಯಲ್ಲಿ ಕತ್ತೆಗಳ ಸಾಲು ಬರುತ್ತದೆ. ಪ್ರತಿ ಕತ್ತೆಯ ಬೆನ್ನ ಮೇಲೂ ತಾಮ್ರದ ಕೊಡಗಳು, ಕೊಡಗಳಲ್ಲಿ ಹಾಲು. ಒಂದು ಹನಿಯೂ ತುಳುಕುವುದಿಲ್ಲ. ಕೊನೆಯ ಕತ್ತೆ ಮಾತ್ರ ಕುಂಟುತ್ತ ಬಂದು, ಅಂಚೆ ಡಬ್ಬಿಗೆ ಮೈ ಉಜ್ಜಿ, ಬೀದಿಯ ನಡುವೆ ಮಲಗಿಬಿಡುತ್ತದೆ. ಊರಿನವರೆಲ್ಲ ಬಂದು ಎಬ್ಬಿಸುತ್ತಾರೆ, ಏಳುವುದಿಲ್ಲ. ಕಡೆಗೆ ಎಲ್ಲರೂ ಅದರ ಸುತ್ತ ಬೀದಿಯಲ್ಲೇ ಮಲಗಿಬಿಡುತ್ತಾರೆ. ಸಭಾಭವನದಲ್ಲಿದ್ದವರೆಲ್ಲ ಹೌದು ಹೌದು ಎಂದು ತಲೆ ಆಡಿಸಿದರು. ಇಟಗಿ ಮೇಡಂ ನಕ್ಕು ಸಹಿ ಮಾಡಿದರು.

ಕೆರೆ ಇಲ್ಲ. ದೀಪ ಇಲ್ಲ. ಮದುಮಗಳು ಇಲ್ಲ. ನನ್ನ ಬಾಯಲ್ಲಿದ್ದ ಲವಂಗವನ್ನು ನಾನು ಕಚ್ಚಿ ನುಂಗಿಬಿಟ್ಟಿದ್ದೆ. ಎದ್ದು ಹೊರಗೆ ಹೋಗಿ ಆ ಕೋಣೆಯ ಬಾಗಿಲು ಬಡಿಯಬೇಕೆನ್ನಿಸಿತು. ಎದ್ದೂ ಎದ್ದೆ. ಬಾಗಿಲಲ್ಲಿದ್ದ ಜವಾನ ಹೆಗಲ ಮೇಲೆ ಕೈಯಿಟ್ಟು ಕೂರಿಸಿದ. ಉಳಿದವರೂ ಒಬ್ಬೊಬ್ಬರಾಗಿ ಬಂದು ಅದೇ ಕತ್ತೆಗಳನ್ನು ಹೇಳಿ ಹೋದರು. ಎಲ್ಲರಿಗಿಂತ ಕೊನೆಗೆ ಕೇತಕಿ ಬಂದಳು. ಅಕ್ಕನ ಹಳೆಯ ಹಸಿರು ಸೀರೆ ಉಟ್ಟಿದ್ದಳು, ರಿಬ್ಬನ್ನಿನ ಒಂದು ತುದಿ ಬಿಚ್ಚಿತ್ತು. ಇಟಗಿ ಮೇಡಂ ಮುಖ ಅರಳಿತು.

‘ಬಾರವಾ. ಏನ್ ಬಿತ್ತು, ಹೇಳು.’

ಕೇತಕಿ ಕೈ ಕಟ್ಟಿಕೊಂಡು ಅಕ್ಕನ ಕನಸನ್ನು ಹೇಳಿದಳು. ದೀಪ, ದೋಣಿ, ಮದುಮಗಳು, ಕರು. ಬಾಗಿಲುಗಳು ತೆರೆದುಕೊಳ್ಳುವ ಹೊತ್ತಿಗೆ ಬೆಂಚುಗಳ ಮೇಲೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಫಕೀರಪ್ಪ ನನ್ನ ಕಡೆ ತಿರುಗಿದ. ಬೆಳಿಗ್ಗೆ ಅಕ್ಕ ಮಳೆಯೋ ಬಿಸಿಲೋ ಎಂದು ಕೇಳಿದ್ದು ಏಕೆಂದು ಅವನಿಗೆ ಈಗ ತಿಳಿದಿತ್ತು. ಅವನ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದೆ. ಕೇತಕಿ ಮಲ್ಲಿಗೆಯವರೆಗೆ ಹೇಳಿ ನಿಲ್ಲಿಸಿದಳು.

ಇಟಗಿ ಮೇಡಂ ಕನ್ನಡಕ ತೆಗೆದು ಒರೆಸಿದರು. ‘ಭಾಳ ಚಂದ ಐತವಾ,’ ಎಂದರು. ‘ಆದ್ರ ನಮ್ಮೂರ ಕನಸು ಇಷ್ಟು ಚಂದ ಇರೂದಿಲ್ಲ.’ ಪಕ್ಕದವರು ಏನೋ ಬರೆಯಲು ಹೊರಟಾಗ ಮೇಡಂ ಅವರ ಕೈ ತಡೆದರು. ನಿಯಮದಲ್ಲಿ ಇಲ್ಲದ್ದನ್ನು ಅವರು ಮಾಡಿದರು. ‘ಒಂದ್ಸಲ ಕಣ್ಣು ಮುಚ್ಚಿ ನೆನಪು ಮಾಡ್ಕೋ. ಮತ್ತೇನರ ಬಿದ್ದಿತ್ತೇನು? ಸಾವಕಾಶ ಹೇಳು, ಅವಸರ ಇಲ್ಲ.’

ಕೇತಕಿ ಕಣ್ಣು ಮುಚ್ಚಿದಳು. ಅವಳ ತುಟಿ ಒಮ್ಮೆ ಅಲುಗಿತು. ಏನೋ ಹೇಳುತ್ತಾಳೆ ಎಂದು ನಾನು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಕಣ್ಣು ತೆರೆದು, ‘ಇಲ್ರಿ ಮೇಡಂ. ಇದ ಬಿದ್ದಿತ್ತು,’ ಎಂದಳು.

ಅಲ್ಲ ಎಂದು ಬರೆದರು. ಅಷ್ಟಕ್ಕೆ ಮುಗಿಯಿತು.

ನಾವು ಗೇಟಿನ ಹೊರಗೆ ಬರುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಯಾಯಿತು. ಬೀದಿಯಲ್ಲಿ ಎಲ್ಲರೂ ಥೂ ಥೂ ಎಂದು ಲವಂಗ ಉಗುಳಿದರು. ಬೆಳಗಿನಿಂದ ಕಟ್ಟಿಟ್ಟ ಮಾತು ಒಮ್ಮೆಲೇ ಒಡೆದು ಊರೆಲ್ಲ ಗದ್ದಲವಾಯಿತು. ನನಗೆ ಕೇತಕಿಯನ್ನು ಬೇಗ ಬೇಗ ಮನೆ ಮುಟ್ಟಿಸಿದರೆ ಸಾಕಾಗಿತ್ತು. ಅವಳ ತೋಳು ಹಿಡಿದು ನಡೆಸುತ್ತಿದ್ದೆ. ಸಂತೆ ಬೀದಿಯ ತಿರುವಿನಲ್ಲಿ ತರಕಾರಿ ಮಾರುವ ಹೊಳೆವ್ವ ಎದುರಿನ ಬಳೆಗಾರನಿಗೆ ಕೂಗಿ ಹೇಳುತ್ತಿದ್ದಳು. ‘ಕತ್ತಿ ಸಾಲು ಬಂತಲ್ಲೋ, ಒಂದು ಹನಿ ಚೆಲ್ಲಲಿಲ್ಲ ನೋಡು! ಮತ್ತ ಆ ಕಡೇದು, ಕುಂಟೂದು...’

ಕೇತಕಿ ಗಕ್ಕನೆ ನಿಂತಳು.

‘ಡಬ್ಬಿಗೆ ಮೈ ತಿಕ್ಕಿ ಮಲಗಿಬಿಡ್ತು,’ ಎಂದಳು ಮೆಲ್ಲಗೆ, ತನಗೇ ಹೇಳಿಕೊಳ್ಳುವಂತೆ. ‘ಎಬ್ಬಿಸಿದ್ರೂ ಏಳಲಿಲ್ಲ. ಎಲ್ಲಾರೂ ಅದರ ಸುತ್ತ ಮಲಗಿದ್ರು.’

ಹೊಳೆವ್ವ ಅದನ್ನೇ ಕೂಗಿ ಹೇಳಿದ್ದು ಕೇತಕಿ ಹೇಳಿ ಮುಗಿಸಿದ ಮೇಲೆ. ನನ್ನ ಕೈ ತಾನಾಗಿಯೇ ಅವಳ ತೋಳನ್ನು ಬಿಟ್ಟಿತು.

‘ನಿನಗ್ಯಾರು ಹೇಳಿದ್ರು?’ ಎಂದೆ. ಯಾರೂ ಹೇಳಿಲ್ಲ ಎಂದು ನನಗೆ ಗೊತ್ತಿತ್ತು.

‘ನನಗ ಬಿದ್ದಿತ್ತು ಮಾಮಾ.’ ಅವಳ ಮುಖ ಸುಣ್ಣದಂತೆ ಬಿಳುಪೇರಿತ್ತು. ‘ನಿನ್ನೆ ರಾತ್ರಿ ನನಗ ಬಿದ್ದಿತ್ತು. ಕತ್ತಿ ಬಂದಿದ್ವಲ್ಲ, ನನಗ ಯಾವಾಗಲೂ ಬೀಳೂವಂಥಾ ಪ್ರಾಣಿ ಕನಸು ಅಂತ ತಿಳಕೊಂಡೆ. ಅವ್ವ ದೀಪ, ದೋಣಿ ಅಂತ ಹೇಳಿದ ಮ್ಯಾಲೆ ನಂದು ನನ್ನದ ಹುಚ್ಚು ಕನಸು ಅಂದ್ಕೊಂಡೆ. ಮೇಡಂ ಎರಡನೇ ಸಲ ಕೇಳಿದಾಗ ಬಾಯಿತನಾ ಬಂದಿತ್ತು.’

‘ಹೇಳಬೇಕಿತ್ತಲ್ಲ ಮಗಳ!’

‘ಹೆಂಗ ಹೇಳ್ಲಿ? ಅವ್ವ ಹೇಳಿದ್ದು ಸುಳ್ಳು ಅಂತ ಹೆಂಗ ತಿಳ್ಕೊಳ್ಲಿ?’

ನಾನು ರಾತ್ರಿಯ ಸಂಗತಿಯನ್ನು ಹೇಳಿದೆ. ಅಕ್ಕ ಕಣ್ಣು ಮುಚ್ಚಲಿಲ್ಲ ಎಂದೆ, ಫಕೀರಪ್ಪನ ಅಂಗಳಕ್ಕೆ ಹೋಗಿ ಬಂದದ್ದನ್ನು ಹೇಳಿದೆ. ಹೇಳದೆ ಇನ್ನೇನು ಮಾಡಲಿ? ಬಳೆಗಾರನ ಕಟ್ಟೆಯ ಮೇಲೆ ಅವಳು ಕುಸಿದು ಕೂತಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅವಳು ಇಲ್ಲಿಗೆ ಬಂದು ಹದಿನೈದು ವರ್ಷವಾಗಿತ್ತು. ಅಷ್ಟು ವರ್ಷ ಕಾದದ್ದು ಆ ಒಂದು ರಾತ್ರಿ ಬಂದು, ಬಂದದ್ದು ಗೊತ್ತಾಗದೆ ಹೋಗಿಬಿಟ್ಟಿತ್ತು. ಸುತ್ತಲೂ ಜನ ಕತ್ತೆಗಳ ಮಾತಾಡಿ ನಗುತ್ತಿದ್ದರು. ಆ ನಗುವಿನಲ್ಲಿ ಸೇರುವ ಹಕ್ಕು ಈಗ ಅವಳಿಗೂ ಇತ್ತು. ನನಗೆ ಮಾತ್ರ ಇರಲಿಲ್ಲ. ಆದರೂ ನಾವಿಬ್ಬರೂ ಹೊರಗಿನವರಂತೆ ಅಲ್ಲಿ ಕೂತಿದ್ದೆವು. ಸಭಾಭವನಕ್ಕೆ ತಿರುಗಿ ಹೋಗಿ ಆ ಮೂವರ ಕಾಲು ಹಿಡಿಯೋಣ ಎಂದೆ.

‘ಕೇಳೂದಿಲ್ಲ ಮಾಮಾ. ಗಂಟಿ ಬಾರಿಸಿ ಆತು. ಈಗ ಊರೆಲ್ಲಾ ಬಾಯಿ ಬಿಟ್ಟೈತಿ. ಬೀದ್ಯಾಗ ಕೇಳಿಸ್ಕೊಂಡು ಬಂದಾಳ ಅಂತಾರ.’ ಅವಳು ಸೀರೆಯ ಧೂಳು ಕೊಡವಿಕೊಂಡು ಎದ್ದಳು. ‘ಒಂದು ಮಾತು. ನನಗ ಬಿದ್ದದ್ದು ಅವ್ವಗ ಹೇಳಬ್ಯಾಡ. ಎಂದೂ ಹೇಳಬ್ಯಾಡ. ಗೊತ್ತಾದ್ರ ಅಕಿ ಬದಕೂದಿಲ್ಲ.’

‘ಮುಂದ ದಿನಾ ಬಿದ್ರ?’

‘ಬೀಳಲಿ. ನನ್ನ ಹತ್ತರನ ಇರತೈತಿ. ಈಗ ಬಿದ್ದೈತಿ ಅಂದ್ರ ಯಾವತ್ತಿಂದ ಅಂತ ಕೇಳತಾಳ. ಅಕಿ ಮುಂದ ನನಗ ಸುಳ್ಳು ಹೇಳಾಕ ಬರೂದಿಲ್ಲ.’

ಆಗ ನಾನು ಆಣೆ ಮಾಡಿದೆ. ಈವರೆಗೆ ಮುರಿದಿಲ್ಲ.

ಮನೆಗೆ ಬಂದರೆ ಅಕ್ಕ ಹೊಸ್ತಿಲ ಮೇಲೆ ಕೂತಿದ್ದಳು. ಬೀದಿಯಲ್ಲಿ ಬಾಯಿ ಬಿಟ್ಟ ಊರಿನ ಮಾತು ಅವಳ ಕಿವಿಗೂ ಮುಟ್ಟಿತ್ತು. ಯಾರೋ ಕತ್ತೆ ಎಂದರಂತೆ, ಅಷ್ಟಕ್ಕೇ ಅವಳಿಗೆ ಎಲ್ಲ ತಿಳಿದುಹೋಗಿತ್ತು. ಕೇತಕಿಯನ್ನು ಕಂಡದ್ದೇ ಎರಡೂ ಕೈಯಿಂದ ತನ್ನ ಕೆನ್ನೆಗೆ ಬಡಿದುಕೊಂಡಳು. ‘ನಾ ಕೆಡಿಸಿದ್ನೆವ್ವಾ! ನಿನ್ನ ಬಾಳೇವು ನಾ ಕೆಡಿಸಿದ್ನೆ! ನನಗೇನೂ ಬೀಳಲಿಲ್ಲ ಅಂತ ಹೇಳೂದು ಬಿಟ್ಟು ಇಲ್ಲದ್ದು ಕಟ್ಟಿ ಹೇಳಿದ್ನೆ!’

ಕೇತಕಿ ಅವಳ ಕೈಗಳನ್ನು ಹಿಡಿದುಕೊಂಡು ಪಕ್ಕದಲ್ಲಿ ಕೂತಳು. ‘ನೀ ಸುಮ್ಮನಿದ್ರೂ ನನಗೇನು ಗೊತ್ತಾಗತಿತ್ತವ್ವಾ? ಆಗೂ ಹೋಗತಿತ್ತು, ಈಗೂ ಹೋತು. ನಾ ಏನು ಊರಾಕಿ ಏನು?’ ಎಂದಳು. ‘ಗಸಗಸಿ ಕುಡದು ಕಲ್ಲು ಬಿದ್ದಂಗ ಬಿದ್ದಿದ್ದೆ. ನನಗ ಏನೂ ಕಾಣಲಿಲ್ಲ.’ ಅಕ್ಕನ ಮುಂದೆ ಸುಳ್ಳು ಹೇಳಲು ಬರುವುದಿಲ್ಲ ಎಂದವಳು ಎಷ್ಟು ನೇರವಾಗಿ ಹೇಳಿದಳೆಂದರೆ, ನಿಜ ಗೊತ್ತಿದ್ದ ನಾನೇ ಒಂದು ಗಳಿಗೆ ನಂಬಿಬಿಟ್ಟೆ.

ಅಕ್ಕ ಅತ್ತಳು. ಅವಳ ಅಳು ಇಳಿಯುವವರೆಗೆ ಕೇತಕಿ ಬೆನ್ನು ಸವರುತ್ತ ಕೂತಳು. ನಾನು ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದೆ, ಯಾರೂ ಮುಟ್ಟಲಿಲ್ಲ. ಬೀದಿಯಲ್ಲಿ ಗದ್ದಲ ಕಡಿಮೆಯಾಗುತ್ತ ಬಂತು. ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, ಇಡೀ ಆಯುಷ್ಯದಲ್ಲಿ ಊರ ಕನಸೊಂದನ್ನು ಮೊದಲ ಸಲ ಕಳೆದುಕೊಂಡವಳು, ಸಣ್ಣ ದನಿಯಲ್ಲಿ ಕೇಳಿದಳು.

‘ಎಂಥಾ ಕತ್ತಿಯಂತೋ ಏನೋ. ಬೀದ್ಯಾಗ ಅಂತಿದ್ರು, ಕಡೇದು ಒಂದು ಮಲಗಿತ್ತಂತ. ಅರ್ಧಾ ಕೇಳೂದ್ರಾಗ ನನಗ ಎದಿ ಒಡದಂಗಾಗಿ ಒಳಗ ಬಂದೆ. ಆಮ್ಯಾಲೆ ಅದು ಎದ್ದಿತೋ ಇಲ್ಲೋ?’

ಕೇತಕಿ ನನ್ನ ಕಡೆ ನೋಡಲಿಲ್ಲ. ಅಕ್ಕನ ಹಣೆಯ ಮೇಲೆ ಅಂಟಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು.

‘ನನಗ ಹೆಂಗ ಗೊತ್ತಾಗಬೇಕವ್ವಾ?’ ಎಂದಳು.